ಕಂಚಿನ ಕಂಠಕ್ಕೆ ಎದುರು ಪದ ಯಾವುದು? (‘ಕ್ರೂನರ್’ ಬಗ್ಗೆ)

ಎಲ್ಲರಿಗೂ ನಮಸ್ಕಾರ,

ಅಮೆರಿಕದ ಹಳೇ ರೇಡಿಯೋ ಗಾಯಕ ರೂಡಿ ವ್ಯಾಲಿ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಆತನನ್ನು ಪರಿಚಯಿಸುವ ಮೊದಲ ಸಾಲಿನಲ್ಲೇ ‘ಕ್ರೂನರ್’ ಅನ್ನುವ ಪದ ಅಡ್ಡ ಬಂದು ಕೂತಿದೆ. ಮೈಕಿನ ಹತ್ತಿರ ನಿಂತು, ಕಿವಿಯಲ್ಲಿ ಹೇಳುವ ಹಾಗೆ ಮೆಲ್ಲಗೆ ಹಾಡುವವರಿಗೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ. ‘ಮೆಲುದನಿಯ ಗಾಯಕ’ ಅಂತ ಬರೆದು ಮುಂದೆ ಹೋಗಬಹುದು. ಆದರೆ ವಿಷಯದ ಅರ್ಧ ಜೀವ ಅಲ್ಲೇ ಹೋಗಿಬಿಡುತ್ತದೆ. ದೊಡ್ಡ ದನಿಗೆ ನಮ್ಮಲ್ಲಿ ‘ಕಂಚಿನ ಕಂಠ’ ಅನ್ನುವ ಮಾತಿದೆ. ಅದಕ್ಕೆ ಎದುರು ನಿಲ್ಲುವಂಥ ಮಾತು ಬೇಕು. ನಿಮ್ಮಲ್ಲಿ ಯಾರಿಗಾದರೂ ಹೊಳೆಯಬಹುದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕ್ರೂನ್ ಸ್ಕಾಟ್ಲೆಂಡಿನ ಆಡುಮಾತು. ಬೇರು ಹಳೇ ಡಚ್ ಕಡೆಯದು, ಅಲ್ಲಿ ನರಳು, ಗೋಳಾಡು ಅಂತ ಅರ್ಥ. 18ನೇ ಶತಮಾನದ ಕವಿ ರಾಬರ್ಟ್ ಬರ್ನ್ಸ್ ಇದನ್ನು ಎರಡು ಥರ ಬಳಸುತ್ತಾನೆ. ಒಂದು ಕಡೆ ರಾತ್ರಿ ಕುದುರೆ ಮೇಲೆ ಹೋಗುವವನು ದೆವ್ವದ ಭಯದಲ್ಲಿ ಅತ್ತಿತ್ತ ನೋಡುತ್ತಾ ಹಳೇ ಪದ್ಯ ಗುನುಗುತ್ತಾನೆ. ಇನ್ನೊಂದು ಕಡೆ ಕಡಸೊಂದು ಎದ್ದು ಅಂಬಾ ಅನ್ನುತ್ತದೆ. ಎರಡೂ ಕ್ರೂನ್! ಮುಂದೆ ತಾಯಿ ಮಗುವಿಗೆ ಹಾಡುವ ಲಾಲಿಗೂ ಈ ಪದ ಅಂಟಿಕೊಂಡಿತು. ನರಳಾಟದಿಂದ ಲಾಲಿಗೆ ಬಂದದ್ದು ವಿಚಿತ್ರ ಅನ್ನಿಸಿದರೆ ನಮ್ಮ ‘ಗೊಣಗು’, ‘ಗುನುಗು’ ಎರಡನ್ನೂ ಒಟ್ಟಿಗೆ ಹೇಳಿ ನೋಡಿ. ಎರಡೂ ಒಂದೇ ಬೇರಿನವು ಅಂತ ವಾದ ಮಾಡುತ್ತಿಲ್ಲ. ಬಾಯಿ ಬಿಡದೆ ಮಾಡುವ ಸದ್ದು ಸಿಟ್ಟಿಗೂ ಆಗುತ್ತದೆ, ಹಾಡಿಗೂ ಆಗುತ್ತದೆ, ಅಷ್ಟೇ.

ಈ ಪದ ಗಾಯಕರ ಮೇಲೆ ಬಿದ್ದದ್ದು 1920ರ ದಶಕದಲ್ಲಿ. ಅದಕ್ಕೆ ಕಾರಣ ಯಂತ್ರ.

1925ರ ತನಕ ರೆಕಾರ್ಡಿಂಗ್‌ಗೆ ಕರೆಂಟಿನ ಸಹಾಯ ಇರಲಿಲ್ಲ. ಗಾಯಕರು ದೊಡ್ಡ ಹಾರ್ನಿನ ಬಾಯಿಗೆ ಮುಖಕೊಟ್ಟು ಹಾಡಬೇಕಿತ್ತು. ಅವರ ದನಿಯ ಒತ್ತಡಕ್ಕೇ ಸೂಜಿ ಅಲುಗಿ ಮೇಣದ ಮೇಲೆ ಗೀರು ಬೀಳಬೇಕು. ಮೆಲ್ಲಗೆ ಹಾಡಿದರೆ ಗೀರೇ ಇಲ್ಲ. 1902ರಲ್ಲಿ ಕಲ್ಕತ್ತದಲ್ಲಿ ಹಾಡಿದ ಗೌಹರ್ ಜಾನ್ ಅವರ ಪ್ಲೇಟುಗಳನ್ನು ಕೇಳಿ. ಹಾಡು ಮುಗಿದ ಮೇಲೆ ತಮ್ಮ ಹೆಸರು ಹೇಳುವುದನ್ನೂ ಕೂಗಿಯೇ ಹೇಳುತ್ತಾರೆ. (ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು, 1930ರಲ್ಲಿ ಅಲ್ಲೇ ತೀರಿಕೊಂಡರು.) ನಮ್ಮ ನಾಟಕ ಕಂಪನಿಗಳ ನಟರದ್ದೂ ಇದೇ ಪಾಡು. ಕೊನೇ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕೇಳಬೇಕು. ಕಂಚಿನ ಕಂಠ ಇಲ್ಲದವನಿಗೆ ಅಲ್ಲಿ ಅನ್ನ ಹುಟ್ಟುತ್ತಿರಲಿಲ್ಲ.

1925ರಲ್ಲಿ ವಿಕ್ಟರ್ ಮತ್ತು ಕೊಲಂಬಿಯಾ ರೆಕಾರ್ಡ್ ಕಂಪನಿಗಳು ವೆಸ್ಟರ್ನ್ ಎಲೆಕ್ಟ್ರಿಕ್‌ನವರ ವಿದ್ಯುತ್ ಪದ್ಧತಿಗೆ ಬದಲಾದವು. ಹಾರ್ನಿನ ಜಾಗಕ್ಕೆ ಮೈಕು ಬಂತು. ರೇಡಿಯೋದಲ್ಲಂತೂ ಇನ್ನೂ ಮೊದಲೇ ಈ ದಾರಿ ತೆರೆದಿತ್ತು. ವಾನ್ ಡಿ ಲೀತ್ ಅನ್ನುವ ಗಾಯಕಿ 1920ರ ಸುಮಾರಿಗೇ ನ್ಯೂಯಾರ್ಕಿನಲ್ಲಿ ರೇಡಿಯೋಗೆ ಹಾಡಿದ್ದಳು. ಏರುದನಿ ತೆಗೆದರೆ ಟ್ರಾನ್ಸ್‌ಮಿಟರಿನ ವಾಲ್ವ್ ಸುಟ್ಟುಹೋಗುತ್ತದೆ ಅಂತ ಹೆದರಿಸಿದ್ದಕ್ಕೆ ಆಕೆ ತಗ್ಗಿಸಿ ಹಾಡಿದಳು ಅಂತ ಕತೆ. ಮೊದಲ ಕ್ರೂನರ್ ಆಕೆಯೇ ಅನ್ನುವವರಿದ್ದಾರೆ. ಹಾಗಾಗಿ ನಾವು ಹುಡುಕುವ ಪದ ಗಂಡಸರಿಗೆ ಮಾತ್ರ ಹೊಂದುವಂತೆ ಇದ್ದರೆ ಸಾಲದು.

ವ್ಯಾಲಿ ಹುಟ್ಟಿದ್ದು 1901ರಲ್ಲಿ. ಮೂಲತಃ ಸ್ಯಾಕ್ಸೋಫೋನ್ ನುಡಿಸುವವನು. 1928ರಲ್ಲಿ ನ್ಯೂಯಾರ್ಕಿನ ಹೈ-ಹೋ ಕ್ಲಬ್ಬಿನಲ್ಲಿ ತಂಡ ಕಟ್ಟಿಕೊಂಡು ಹಾಡತೊಡಗಿದ. ಅಲ್ಲಿಂದಲೇ ರೇಡಿಯೋ ಪ್ರಸಾರವೂ ಶುರುವಾಯಿತು. ಮುಂದಿನ ವರ್ಷ ಎನ್‌ಬಿಸಿ ಅನ್ನುವ ರೇಡಿಯೋ ಕಂಪನಿಯಲ್ಲಿ ಒಂದು ಯೀಸ್ಟ್ ಕಂಪನಿ ಪ್ರಾಯೋಜಿಸಿದ ಸಾಪ್ತಾಹಿಕ ಕಾರ್ಯಕ್ರಮ ಸಿಕ್ಕಿತು, ದೇಶಕ್ಕೆಲ್ಲ ಪರಿಚಿತನಾದ. ದನಿ ಸಣ್ಣದು, ಸ್ವಲ್ಪ ಮೂಗಿನಿಂದ ಬರುವಂಥದ್ದು. ರೇಡಿಯೋದಲ್ಲಿ ಅದು ಮನೆಯೊಳಗೆ ಕೂತವರ ಕಿವಿಗೇ ಬಂದು ಬೀಳುತ್ತಿತ್ತು. ಆದರೆ ಹಾಲ್‌ನಲ್ಲಿ ಬ್ಯಾಂಡಿನ ಸದ್ದಿಗೆ ಮುಳುಗಿಹೋಗುತ್ತಿತ್ತು. ಅದಕ್ಕೇ ಕೈಯಲ್ಲಿ ಯಾವಾಗಲೂ ಮೆಗಾಫೋನ್. ಫೋಟೋಗಳಲ್ಲಿ, ವ್ಯಂಗ್ಯಚಿತ್ರಗಳಲ್ಲಿ ಆತ ಕಾಣಿಸುವುದೇ ಆ ತಗಡಿನ ತುತ್ತೂರಿಯ ಜೊತೆಗೆ. ಆಮೇಲೆ ಎನ್‌ಬಿಸಿಯಿಂದ ಒಂದು ಹಳೇ ಕಾರ್ಬನ್ ಮೈಕು ಎರವಲು ತಂದು, ಮನೆಯಲ್ಲೇ ಮಾಡಿದ ಆಂಪ್ಲಿಫೈಯರ್‌ಗೂ ಒಂದಷ್ಟು ರೇಡಿಯೋ ಪೆಟ್ಟಿಗೆಗಳಿಗೂ ಸೇರಿಸಿ, ಕರೆಂಟಿನ ಮೆಗಾಫೋನ್ ಮಾಡಿಕೊಂಡೆ ಅಂತ ತಾನೇ ಹೇಳಿಕೊಂಡಿದ್ದಾನೆ. ರೇಡಿಯೋದಲ್ಲಿ ಕೇಳಿಸಿದ ದನಿಯನ್ನೇ ಹಾಲ್‌ನಲ್ಲೂ ಕೇಳಿಸಲು ಇಷ್ಟು ಪಾಡು!

1930ರ ದಶಕದ ಆರಂಭಕ್ಕೆ ಆರ್‌ಸಿಎ ಕಂಪನಿಯ ರಿಬ್ಬನ್ ಮೈಕು ಬಂತು. ಇದರ ಹತ್ತಿರ ಹೋದಷ್ಟೂ ದನಿಯ ಮಂದ್ರ ಉಬ್ಬುತ್ತದೆ. ತೆಳ್ಳನೆ ದನಿಯೂ ತುಂಬಿಕೊಂಡಂತೆ ಕೇಳಿಸುತ್ತದೆ. ಉಸಿರು ಎಳೆದುಕೊಂಡದ್ದು, ತುಟಿ ಬಿಚ್ಚಿದ್ದು, ಸಾಲಿನ ಕೊನೆಯಲ್ಲಿ ದನಿ ಕರಗಿದ್ದು ಎಲ್ಲವೂ ಹಾಡಿನ ಭಾಗವಾಯಿತು. ಇದನ್ನು ಚೆನ್ನಾಗಿ ಅರಿತವನು ಅಮೆರಿಕದ ಇನ್ನೊಬ್ಬ ಗಾಯಕ ಬಿಂಗ್ ಕ್ರಾಸ್ಬಿ. ವ್ಯಾಲಿಯ ಹೆಸರು ಹಿಂದೆ ಬಿದ್ದದ್ದು ಕ್ರಾಸ್ಬಿಯಿಂದಲೇ. ನನಗೂ ಕ್ರಾಸ್ಬಿಯೇ ಹೆಚ್ಚು ಇಷ್ಟ. ಇಂಗ್ಲೆಂಡಿನಲ್ಲಿ ಈ ಪಟ್ಟ ಆಲ್ ಬೌಲಿಯದು. ಅಲ್ಲಿ ಹೆಸರು ಮಾಡುವ ಮೊದಲು ಆತ ಕಲ್ಕತ್ತದಲ್ಲೂ ಬ್ಯಾಂಡ್ ಜೊತೆ ಹಾಡಿಕೊಂಡಿದ್ದ.

ಇನ್ನೊಂದು ತೊಡಕಿದೆ. ಆ ಕಾಲದಲ್ಲಿ ಕ್ರೂನರ್ ಅನ್ನುವುದು ಅರ್ಧ ಬೈಗುಳ. 1932ರ ಜನವರಿಯಲ್ಲಿ ಬಾಸ್ಟನ್ನಿನ ಹಿರಿಯ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಒಕಾನೆಲ್ ಇವರ ಮೇಲೆ ಕೆಂಡ ಕಾರಿದರು. ರೇಡಿಯೋ ತಿರುಪು ತಿರುಗಿಸಿದರೆ ಸಾಕು, ಕೊರಗುವವರು, ಕುರಿ ಹಾಗೆ ಅರಚುವವರು ಗಾಳಿ ಕೆಡಿಸುತ್ತಿದ್ದಾರೆ, ನಿಜವಾದ ಅಮೆರಿಕನ್ ಇಂಥ ಕೀಳು ಕಲೆಗೆ ಇಳಿಯುವುದಿಲ್ಲ ಅನ್ನುವ ಧಾಟಿ ಅವರದು. 1942ರಲ್ಲಿ ಬಿಬಿಸಿಯವರೂ ಗಂಡಸರ ನೆತ್ತರಿಲ್ಲದ, ಸೊರಗಿದ ಹಾಡುಗಾರಿಕೆ ಪ್ರಸಾರ ಮಾಡಬಾರದು ಅಂತ ನಿಯಮ ಮಾಡಿದರು. ಗಂಡಸು ಗಟ್ಟಿಯಾಗಿ ಹಾಡಬೇಕು, ಹೆಂಗಸರ ಕಿವಿಯಲ್ಲಿ ಗುಟ್ಟು ಹೇಳಬಾರದು ಅನ್ನುವುದು ಒಟ್ಟು ತಕರಾರು. ‘ಮೆಲುದನಿಯ ಗಾಯಕ’ ಅಂದರೆ ಈ ಕುಟುಕು ಎಲ್ಲಿಂದ ಬರಬೇಕು ಹೇಳಿ. ಕಾರ್ಡಿನಲ್ ಮಾತು ಬರುವ ಕಡೆ ಮಾತ್ರ ‘ಕುಂಯ್‌ಗುಟ್ಟುವವರು’ ಅಂತ ಹಾಕೋಣ ಅಂದುಕೊಂಡಿದ್ದೇನೆ.

‘ಮೈಕ್ ಗಾಯಕ’ ಆಗಬಹುದಲ್ವಾ ಅಂತ ಗೆಳೆಯರೊಬ್ಬರು ಕೇಳಿದರು. ಆಗದು. ಕನ್ನಡದಲ್ಲಿ ಮೈಕು ಅಂದರೆ ಗದ್ದಲ. ‘ಗಣೇಶನ ಪೆಂಡಾಲಿನಲ್ಲಿ ಮೈಕ್ ಹಾಕಿದ್ದಾರೆ’ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಕಂಬಕ್ಕೆ ಕಟ್ಟಿದ ಸ್ಪೀಕರು. ‘ಅವಳ ಬಾಯಿಗೆ ಮೈಕೇ ಬೇಡ’ ಅನ್ನುತ್ತೇವೆ. ಸರ್ಕಾರಿ ಪದ ‘ಧ್ವನಿವರ್ಧಕ’ ಕೂಡ ಹಿಗ್ಗಿಸುವ ಕೆಲಸವನ್ನೇ ಹೇಳುತ್ತದೆ. ಮೈಕು ಬಂದದ್ದರಿಂದ ಹಾಡು ಮೆತ್ತಗಾಯಿತು ಅನ್ನುವ ಮಾತು ಈ ಪದಗಳಲ್ಲಿ ಕೂರುವುದಿಲ್ಲ.

‘ಪಿಸುಹಾಡು’ ಚೆನ್ನಾಗಿದೆ, ಆದರೆ ಪಿಸುಮಾತಿನಲ್ಲಿ ದನಿ ಇರುವುದಿಲ್ಲ, ಬರೀ ಗಾಳಿ. ಕ್ರೂನರ್‌ಗೆ ದನಿ ಇದೆ. ಅದೇ ಕಾಲದಲ್ಲಿ ‘ವಿಸ್ಪರಿಂಗ್’ ಜ್ಯಾಕ್ ಸ್ಮಿತ್ ಅಂತ ಇನ್ನೊಬ್ಬನಿದ್ದ, ಆ ಪದ ಅವನಿಗೆ ಬೇಕಾಗುತ್ತದೆ. ‘ಗುನುಗು’ ಅಂದರೆ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುವುದು, ಕೇಳುವವರು ಬೇಕಾಗಿಲ್ಲ. ಕ್ರೂನರ್ ಹಾಡುವುದು ಇನ್ನೊಬ್ಬರಿಗೆ, ಅದೂ ಒಬ್ಬರಿಗೇ ಅನ್ನುವ ಹಾಗೆ.

ನನ್ನ ಮನಸ್ಸು ‘ಉಸುರು’ ಕಡೆ ಇದೆ. ‘ಕಿವಿಯಲ್ಲಿ ಉಸುರಿದ’ ಅನ್ನುತ್ತೇವಲ್ಲ, ಆ ಉಸುರು. ಹೇಳುವುದೂ ಅದೇ, ಉಸಿರೂ ಅದೇ. ಹತ್ತಿರ ಇದ್ದವರಿಗೆ ಮಾತ್ರ ಅನ್ನುವ ಸೂಚನೆಯೂ ಇದೆ. ಕ್ರಿಯಾಪದಕ್ಕೆ ‘ಉಸುರಿ ಹಾಡು’, ಶೈಲಿಗೆ ‘ಉಸುರುಹಾಡು’ ನಡೆಯಬಹುದು. ಹಾಡುವವರಿಗೆ ಸುಮ್ನೆ ‘ಕ್ರೂನರ್’ ಅಂತಲೇ ಇಟ್ಟುಕೊಳ್ಳಬಹುದು, ‘ಉಸುರುಗಾರ’ ಅಂದರೆ ಆಸ್ತಮಾ ರೋಗಿಯ ಥರ ಕೇಳಿಸುತ್ತದೆ.

ಪದವನ್ನು ಒರೆಗೆ ಹಚ್ಚಲು ನಮ್ಮವರದ್ದೇ ಉದಾಹರಣೆ ತೆಗೆದುಕೊಳ್ಳಿ. ರಾಜ್‌ಕುಮಾರ್ ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದವರು, ಸಂಭಾಷಣೆಗೆ ನಿಂತರೆ ಕಂಚಿನ ಕಂಠ. ಅದೇ ಬಾಯಿಂದ ಹಾಡು ಬಂದಾಗ ವರ್ಷಗಟ್ಟಲೆ ಕೇಳಿಸಿದ್ದು ಪಿ.ಬಿ. ಶ್ರೀನಿವಾಸ್ ಅವರ ಮೆತ್ತನೆ ದನಿ. 1974ರ ‘ಸಂಪತ್ತಿಗೆ ಸವಾಲ್’ ನಂತರ ಅದು ಬದಲಾಯಿತು. ಮಾತಿಗೊಂದು, ಹಾಡಿಗೊಂದು ಕಂಠ ಒಂದೇ ಮುಖಕ್ಕೆ ಒಪ್ಪಿತ್ತಲ್ಲ, ಅದು ಸಾಧ್ಯವಾದದ್ದೂ ಮೈಕಿನಿಂದಲೇ. ಪಿಬಿಎಸ್ ಹಾಡಿಗೆ ‘ಉಸುರುಹಾಡು’ ಹೊಂದುತ್ತದೆಯೇ? ನನಗೆ ಹೊಂದುತ್ತದೆ ಅನ್ನಿಸುತ್ತದೆ. ‘ಅವರು ಉಸುರಲಿಲ್ಲ, ತೆರೆದ ಕಂಠದಲ್ಲೇ ಮೆತ್ತಗೆ ಹಾಡಿದರು’ ಅಂತ ಯಾರಾದರೂ ಹೇಳಿದರೆ ಅದನ್ನೂ ಕೇಳುತ್ತೇನೆ.

ಎರಡು ಸಂಗತಿ ನಿಮ್ಮಿಂದ ಬೇಕು. ನಾಟಕ ಕಂಪನಿಯ ಹಳಬರು ಮೈಕಿಲ್ಲದೆ ಹಾಡಲಾಗದವರನ್ನು ಏನೆಂದು ಆಡಿಕೊಳ್ಳುತ್ತಿದ್ದರು? ಧಾರವಾಡ, ಹುಬ್ಬಳ್ಳಿ ಕಡೆಯವರು ಇದಕ್ಕೆ ಬೇರೆ ಮಾತು ಕೇಳಿರಬಹುದು. ಹಾಗೆಯೇ ಯಕ್ಷಗಾನದ ಭಾಗವತರಲ್ಲಿ, ಮೈಕು ಬಂದ ಮೇಲೆ ತಗ್ಗಿದ ದನಿಗೆ ಯಾವುದಾದರೂ ಹೆಸರಿದೆಯೇ? ಇದ್ದರೆ ಯಾವ ಊರು, ಯಾವ ಮೇಳದವರ ಬಾಯಲ್ಲಿ ಕೇಳಿದ್ದು ಅಂತಲೂ ಸೇರಿಸಿ ಬರೆಯಿರಿ.