ತೂಕ ಇಳಿಯುವುದು ನಿಂತಿದೆ, ಭಾರ ಎತ್ತಿದರೆ ಚಯಾಪಚಯ ಏರುತ್ತದೆಯೇ? ಅನುಭವವಿದ್ದವರು ಹೇಳಿ

ಪ್ರಶ್ನೆ, ಪೊನ್ನಂಪೇಟೆ: ವಯಸ್ಸು 44, ಎತ್ತರ 172 ಸೆಂ.ಮೀ., ತೂಕ 86 ಕಿಲೋ. ನಡಿಗೆಯಿಂದ ಇಳಿಯುತ್ತಿದ್ದ ತೂಕ ಅಲ್ಲೇ ನಿಂತಿದೆ. ಸ್ನಾಯು ಬೆಳೆದರೆ ಸುಮ್ಮನೆ ಕುಳಿತಾಗಲೂ ಹೆಚ್ಚು ಕ್ಯಾಲೊರಿ ಉರಿಯುತ್ತದಂತೆ. ಜಿಮ್ ಸೇರಲೇ?

ತೋಟಗಾರ, ಗೋಣಿಕೊಪ್ಪ: ಜಿಮ್‌ನವರ ಮಾತು ನಂಬಬೇಡಿ. ವರ್ಷದ ಶುಲ್ಕ 14,000 ರೂಪಾಯಿ ಮುಂಗಡ, ವ್ಹೇ (ಹಾಲಿನ ಪ್ರೋಟೀನ್) ಪುಡಿಯ ಡಬ್ಬಿಗೆ 3,200, ತರಬೇತುದಾರನಿಗೆ ತಿಂಗಳಿಗೆ ಬೇರೆ 2,500. ಅದೂ ಕಾಫಿ ಕೊಯ್ಲಿನ ಕಾಲದಲ್ಲಿ, ಆಳುಗಳ ಬಟವಾಡೆಗೆ ಹಣ ಹೊಂದಿಸಲು ಪರದಾಡುವಾಗ. ಕಿಲೋ ಸ್ನಾಯುವಿಗೆ ದಿನಕ್ಕೆ ನೂರು ಕ್ಯಾಲೊರಿ ಎಂದು ನಂಬಿಸಿದ್ದರು. ವಿಶ್ರಾಂತಿಯಲ್ಲಿ ಅದು ಉರಿಸುವುದು ಸುಮಾರು 13, ಕೊಬ್ಬು 4.5. ಹೆಚ್ಚಿನ ಪಾಲು ಯಕೃತ್ತು, ಮಿದುಳು, ಹೃದಯ, ಮೂತ್ರಪಿಂಡಗಳದ್ದು. ಎರಡು ಕಿಲೋ ಸ್ನಾಯು ಬೆಳೆಸಿ ನನಗೆ ದಕ್ಕಿದ್ದು 26 ಕ್ಯಾಲೊರಿ!

ಮಾಜಿ ಸೈನಿಕ, ವಿರಾಜಪೇಟೆ: 13 ಎಂದು ಹೇಳಿ ಜನರ ಉತ್ಸಾಹ ಕೆಡಿಸಬೇಡಿ. ಊಟ ಕಡಿಮೆ ಮಾಡಿ ತೂಕ ಇಳಿಸುವವನು ಕೊಬ್ಬಿನ ಜೊತೆ ಸ್ನಾಯುವನ್ನೂ ಕಳೆದುಕೊಳ್ಳುತ್ತಾನೆ. ಅದನ್ನು ಉಳಿಸಿಕೊಳ್ಳಲೆಂದೇ ಭಾರ ಎತ್ತಬೇಕು. ನನ್ನ ತೂಕ ಹೆಚ್ಚೇನೂ ಇಳಿದಿಲ್ಲ, ಆದರೆ ಬೆಲ್ಟಿಗೆ ಹೊಸ ತೂತು ಕೊರೆಸಿದ್ದೇನೆ. ಕರಿಮೆಣಸು ಕೊಯ್ಯುವ ಬಿದಿರಿನ ಏಣಿಯನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಮರದಿಂದ ಮರಕ್ಕೆ ಸಾಗಿಸುತ್ತೇನೆ. ವಿಶ್ರಾಂತಿ ದರವನ್ನೂ, ಅಂದರೆ ಸುಮ್ಮನಿದ್ದಾಗ ಮೈ ದಿನಕ್ಕೆ ಉರಿಸುವ ಕ್ಯಾಲೊರಿಯನ್ನೂ ಅಳೆಸಿದ್ದೇನೆ: 1,780.

ಶಿಕ್ಷಕ, ಸೋಮವಾರಪೇಟೆ: ಅಳೆಸಿದ್ದು ಬರಿಗಾಲಿನಲ್ಲಿ ನಿಲ್ಲುವ ಯಂತ್ರದಲ್ಲಿಯೇ? ಅದು ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ಕೊಬ್ಬಿನ ಅಂದಾಜು ಮಾಡುತ್ತದೆ, ದರವನ್ನು ಸೂತ್ರದಿಂದ ಲೆಕ್ಕ ಹಾಕುತ್ತದೆ. ನಿಜವಾದ ಅಳತೆಗೆ ರಾತ್ರಿಯಿಂದ ಉಪವಾಸವಿದ್ದು, ಅಲುಗಾಡದೆ ಮಲಗಿ, ಉಸಿರಿನ ಆಮ್ಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಅಳೆಸಬೇಕು. ಬೆಂಗಳೂರಿನಲ್ಲಿ ನನಗೆ ಪರೀಕ್ಷೆಗೆ 4,500 ರೂಪಾಯಿ ಆಯಿತು. ಸೂತ್ರ ಹೇಳಿದ್ದು 1,690 ಕ್ಯಾಲೊರಿ, ಅಳತೆಯಲ್ಲಿ ಬಂದದ್ದು 1,510. ಬೇಗನೆ 18 ಕಿಲೋ ಇಳಿಸಿದ ಮೈ ಇದು, ದರ ಕುಸಿದದ್ದು ಅದಕ್ಕೇ ಇರಬೇಕು. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಅಳೆದಾಗಲೂ ದರ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು, 2016ರ ವರದಿ.

ಹಾಕಿ ಆಟಗಾರ, ಮಡಿಕೇರಿ: ಎಲ್ಲವೂ ವಯಸ್ಸಿನ ಮಹಿಮೆ. ಕುಟುಂಬ ಹಾಕಿಯಲ್ಲಿ ಆಡುತ್ತಿದ್ದಾಗ ಪಂದಿ ಕರಿ, ಕಡಂಬುಟ್ಟು ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ನಲವತ್ತಕ್ಕೆ ದರ ಕುಸಿಯಿತು.

ಶಿಕ್ಷಕ, ಸೋಮವಾರಪೇಟೆ: ಕುಸಿದದ್ದು ನಿಮ್ಮ ಓಟ. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಅಳೆದ 2021ರ ಅಧ್ಯಯನದಲ್ಲಿ, ಮೈಗಾತ್ರವನ್ನು ಲೆಕ್ಕಕ್ಕೆ ಹಿಡಿದಾಗ, ದರ 20ರಿಂದ 60ರವರೆಗೆ ಸ್ಥಿರವಾಗಿತ್ತು.

ಹಾಕಿ ಆಟಗಾರ, ಮಡಿಕೇರಿ: ಮೈದಾನಕ್ಕೆ ಇಳಿದು ಮಾತನಾಡಿ. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ 1,60,000 ಸುರಿದವನು ನಾನು. ಓಟ ಬಿಟ್ಟದ್ದು ಸೋಮಾರಿತನದಿಂದಲ್ಲ.

ಶಿಕ್ಷಕ, ಸೋಮವಾರಪೇಟೆ: ಸೋಮಾರಿ ಎಂದು ನಾನೆಲ್ಲಿ ಹೇಳಿದೆ? ಪೊನ್ನಂಪೇಟೆಯವರೇ, ನೀವು ಗಂಡಸಾದರೆ, 1990ರ ಮಿಫ್ಲಿನ್ ಸೂತ್ರದಂತೆ ನಿಮ್ಮ ವಿಶ್ರಾಂತಿ ದರ 1,720.

ಮಾಜಿ ಸೈನಿಕ, ವಿರಾಜಪೇಟೆ: ಆ ಸೂತ್ರ ಕೇಳುವುದು ತೂಕ, ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಮಾತ್ರ. 86 ಕಿಲೋದ ಬೊಜ್ಜಿನವನಿಗೂ 86 ಕಿಲೋದ ಕುಸ್ತಿಪಟುವಿಗೂ ಒಂದೇ ಉತ್ತರ. ನನ್ನ ಯಂತ್ರ ಕೊಬ್ಬನ್ನಾದರೂ ನೋಡುತ್ತದೆ.