ಸಂಜೆ ಶಾಲೆಗೆ ದುಡ್ಡು ಎತ್ತೋಕೆ ರಸಮಂಜರಿ ಮಾಡ್ಸೋಣ ಅಂತಿದೀವಿ, ವರ್ಕೌಟ್ ಆಗುತ್ತಾ?

ಕಲ್ಪತರುನಾಡಿನ_ಹೈದ:

ಎಲ್ರಿಗೂ ನಮಸ್ಕಾರ, ಪೋಸ್ಟು ಸ್ವಲ್ಪ ಉದ್ದ ಇದೆ ಬೇಜಾರ್ ಮಾಡ್ಕೋಬೇಡಿ. ತಿಪಟೂರು ತಾಲ್ಲೂಕಲ್ಲಿ ನಾವು ಐದು ಜನ ಸೇರಿ ಚಿಕ್ಕದೊಂದು ಟ್ರಸ್ಟ್ ಮಾಡ್ಕೊಂಡು ಸರ್ಕಾರಿ ಹೈಸ್ಕೂಲ್ ಮಕ್ಕಳಿಗೆ ಸಂಜೆ ಪಾಠ ನಡೆಸ್ತಿದೀವಿ. ನಾಲ್ಕು ವರ್ಷ ಆಯ್ತು. 60 ಮಕ್ಕಳಿದಾರೆ, ಫೀಸ್ ಏನೂ ಇಲ್ಲ. ವರ್ಷದ ಖರ್ಚು 4 ಲಕ್ಷ 80 ಸಾವಿರ: ಇಬ್ರು ಮೇಷ್ಟ್ರಿಗೆ ತಲಾ 12 ಸಾವಿರ ಸಂಬಳ, ಬಾಡಿಗೆ 6 ಸಾವಿರ, ಸಂಜೆ ಮಕ್ಕಳಿಗೆ ಅವಲಕ್ಕಿನೋ ಮಂಡಕ್ಕಿನೋ ಏನಾದ್ರೂ ಕೊಡೋದಕ್ಕೆ ತಿಂಗಳಿಗೆ ಏಳೂವರೆ ಸಾವಿರ, ಉಳಿದಿದ್ದು ಪುಸ್ತಕ ಕರೆಂಟು.

ಇಷ್ಟು ದಿನ ರಿಟೈರ್ಡ್ ಇಂಜಿನಿಯರ್ ಒಬ್ರು ವರ್ಷಕ್ಕೆ 3 ಲಕ್ಷ ಕೊಡ್ತಿದ್ರು, ಹೋದ ತಿಂಗಳು ತೀರ್ಕೊಂಡ್ರು. ಬೇರೆ ಕಡೆಯಿಂದ ಚಿಲ್ಲರೆ ಪಲ್ಲರೆ ಸೇರಿ 1 ಲಕ್ಷ 20 ಸಾವಿರ ಬರುತ್ತೆ, ಕಮ್ಮಿ ಬಿದ್ದಿದ್ದನ್ನ ನಾವೇ ಹಾಕ್ತಿದ್ವಿ. ಈಗ ಬ್ಯಾಂಕಲ್ಲಿ 1 ಲಕ್ಷ 10 ಸಾವಿರ ಇದೆ, ಅಂದ್ರೆ ಮೂರು ತಿಂಗಳೂ ನಡೆಯಲ್ಲ.

ನಮ್ ಪ್ಲಾನ್ ಏನಪ್ಪ ಅಂದ್ರೆ ಕಾಲೇಜು ಮೈದಾನದಲ್ಲಿ ಒಂದು ರಸಮಂಜರಿ ಇಟ್ಕೊಂಡು ಟಿಕೆಟ್ ಮಾರೋದು, ಜೊತೆಗೆ ನೂರು ರೂಪಾಯಿ ಕೂಪನ್ ಮಾಡಿ ಲಕ್ಕಿ ಡಿಪ್, ಫಸ್ಟ್ ಪ್ರೈಜ್ ಸ್ಕೂಟಿ. ಬಜೆಟ್ಟು ಎರಡೂವರೆ ಲಕ್ಷ. ನಮ್ಮ ಚಿಕ್ಕಪ್ಪನ ಮಗ ಒಬ್ಬ ಅಮೆರಿಕದಲ್ಲಿದಾನೆ, ಅವನೂ ಸಾವಿರ ಡಾಲರ್ ಕಳಿಸ್ತೀನಿ ಅಂದಿದಾನೆ. ಮಾಡಿ ಅನುಭವ ಇರೋರು ಹೇಳಿ, ಬೈದ್ರೂ ಪರವಾಗಿಲ್ಲ.

ಬೆಂಗ್ಳೂರ್_ಟೆಕ್ಕಿ_77:

ಬ್ರೋ ಸಿಎಸ್‌ಆರ್‌ಗೆ ಹೋಗಿ, ಅಂದ್ರೆ ಕಂಪನಿಗಳು ಸಮಾಜಸೇವೆಗೆ ಕೊಡೋ ದುಡ್ಡು. ಬೆಂಗಳೂರಲ್ಲಿ ಎಷ್ಟೊಂದು ಕಂಪನಿಗಳಿದಾವೆ, ಲಾಭದ ಎರಡು ಪರ್ಸೆಂಟ್ ಖರ್ಚು ಮಾಡ್ಲೇಬೇಕು ಅಂತ ಕಾನೂನೇ ಇದೆ, ಒಂದು ಪಿಪಿಟಿ ಮಾಡಿ ಐವತ್ತು ಕಂಪನಿಗೆ ಮೇಲ್ ಹಾಕಿ, ಒಂದಾದ್ರೂ ಸಿಗುತ್ತೆ.

ಕುಡ್ಲದ_ಕರೆ:

ರಸಮಂಜರಿ ಅಂತ ಓದಿದ ಕೂಡ್ಲೇ ಉತ್ತರ ಬರೀಲಿಕ್ಕೆ ಕೂತೆ ಮಾರಾಯ್ರೆ. ನಾವು ಮೂರು ವರ್ಷ ಹಿಂದೆ ಇದೇ ಕೆಲ್ಸ ಮಾಡಿದ್ದು, ನಿಮ್ಮದು ರಸಮಂಜರಿ, ನಮ್ಮದು ಯಕ್ಷಗಾನ, ಅಷ್ಟೇ ವ್ಯತ್ಯಾಸ. ಟಿಕೆಟ್ ಇಟ್ಟು ಆಟ ಆಡಿಸಿದೆವು. ಒಟ್ಟು ಬಂದದ್ದು 3 ಲಕ್ಷ 40 ಸಾವಿರ. ಎಲ್ಲರೂ ಭಾರೀ ಖುಷಿ. ಮತ್ತೆ ಮೇಳದವರ ವೀಳ್ಯ (ಸಂಭಾವನೆ), ಲೈಟು, ಮೈಕು, ಚಪ್ಪರ, ಊಟ, ಪೋಸ್ಟರು, ಪರ್ಮಿಷನ್ನಿಗೆ ಓಡಾಟ ಎಲ್ಲ ಕಳೆದು ನೋಡಿದ್ರೆ ಕೈಯಲ್ಲಿ ಉಳಿದದ್ದು 70 ಸಾವಿರ. ಅದ್ರಲ್ಲಿಯೂ ಟಿಕೆಟಿಂದ ಬಂದದ್ದು ಎಂತ ಇಲ್ಲ, ಸ್ಮರಣ ಸಂಚಿಕೆಗೆ ಅಂಗಡಿಯವರು ಕೊಟ್ಟ ಜಾಹೀರಾತಿನ ದುಡ್ಡು ಅದು. ಎರಡು ತಿಂಗಳು ಹತ್ತು ಜನ ಟಿಕೆಟ್ ಪುಸ್ತಕ ಹಿಡ್ಕೊಂಡು ತಿರುಗಿದ್ದೇ ತಿರುಗಿದ್ದು, ಅಷ್ಟು ದಿನ ನಮ್ಮ ನಿಜವಾದ ಕೆಲಸ ನಿಂತೇ ಹೋಯ್ತು. ಹತ್ತು ಜನರನ್ನು ಎರಡು ತಿಂಗಳು ಕೂಲಿಗೆ ಕಳಿಸಿದ್ರೂ ಅದಕ್ಕಿಂತ ಜಾಸ್ತಿ ಬರ್ತಿತ್ತು!

ಇನ್ನೊಂದು ಉಂಟು. ಆವತ್ತು ಟಿಕೆಟ್ ತಗೊಂಡು ಬಂದ ಎಂಟುನೂರು ಜನ ಯಾರು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಹೆಸರಿಲ್ಲ, ಫೋನ್ ನಂಬರಿಲ್ಲ. ಅವರು ಆಟ ನೋಡಿ ಮನೆಗೆ ಹೋದ್ರು, ನಮ್ಮ ಸಂಸ್ಥೆ ಎಂತ ಮಾಡ್ತದೆ ಅಂತ ಅವರಿಗೂ ಗೊತ್ತಿಲ್ಲ. ಮರುವರ್ಷ ಪುನಃ ಸೊನ್ನೆಯಿಂದ ಶುರು.

ಮಾಡಲೇಬೇಕು ಅಂತಿದ್ರೆ ಖರ್ಚನ್ನು ಪೂರ್ತಿ ಸ್ಪಾನ್ಸರ್ ಮಾಡ್ಲಿಕ್ಕೆ ಒಬ್ಬ ಮೊದಲೇ ಸಿಕ್ಕಿದ್ರೆ ಮಾತ್ರ ಮಾಡಿ, ಇಲ್ಲದಿದ್ರೆ ಬೇಡ. ಮಳೆ ಬಂದ್ರೆ ದೇವರೇ ಗತಿ.

ಲೆಕ್ಕದಕ್ಕ:

ನಾನು ಸಣ್ಣ ಟ್ರಸ್ಟ್‌ಗಳ ಲೆಕ್ಕ ಪತ್ರ ನೋಡ್ಕೊಳ್ತೀನಿ, ಅದಕ್ಕೆ ಖುಷಿ ಹಾಳು ಮಾಡೋ ಮಾತೇ ಬರುತ್ತೆ, ಕ್ಷಮಿಸಿ.

ಲಕ್ಕಿ ಡಿಪ್ ಇವತ್ತೇ ಬಿಟ್ಬಿಡಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ. ದುಡ್ಡಿಗೆ ಕೂಪನ್ ಮಾರಿ ಅದೃಷ್ಟದ ಮೇಲೆ ಸ್ಕೂಟಿ ಕೊಡ್ತೀರಿ ಅಂದ್ರೆ ಅದನ್ನ ಲಾಟರಿ ಅಂತಲೇ ನೋಡ್ತಾರೆ. ಊರೂರಲ್ಲೂ ಗಣೇಶನ ಹೆಸರಲ್ಲಿ ನಡೆಯುತ್ತೆ ನಿಜ, ಆದ್ರೆ ಯಾರಾದ್ರೂ ಒಬ್ಬ ಕಂಪ್ಲೇಂಟ್ ಕೊಟ್ರೆ ನಿಂತ್ಕೋಬೇಕಾಗಿರೋರು ನೀವು ಐದು ಜನ.

ಅಮೆರಿಕದ ತಮ್ಮನ ಹತ್ರ ಕೇಳ್ಬೇಕಾಗಿರೋದು ಒಂದೇ, ಅವನ ಹತ್ರ ಯಾವ ದೇಶದ ಪಾಸ್‌ಪೋರ್ಟ್ ಇದೆ ಅಂತ. ಇನ್ನೂ ಭಾರತದ್ದೇ ಇದ್ರೆ, ಅಂದ್ರೆ ಬರೀ ಗ್ರೀನ್ ಕಾರ್ಡ್ ಆಗಿದ್ರೆ, ತನ್ನ ಸ್ವಂತ ದುಡಿಮೆ ದುಡ್ಡನ್ನ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಸಿಟಿಜನ್ ಆಗಿ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ತಗೊಂಡಿದ್ರೆ ಅದು ವಿದೇಶಿ ದೇಣಿಗೆನೇ, ಇಲ್ಲಿನ ಅಕೌಂಟಿಂದ ರೂಪಾಯಲ್ಲಿ ಕೊಟ್ರೂ ಅಷ್ಟೇ. ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆ, ಅದರಡಿ ನೋಂದಣಿ ಇಲ್ದೆ ಮುಟ್ಟೋ ಹಾಗಿಲ್ಲ. ಆ ದುಡ್ಡು ದೆಹಲಿಯ ಎಸ್‌ಬಿಐ ಮೇನ್ ಬ್ರಾಂಚ್‌ನಲ್ಲಿರೋ ಅಕೌಂಟ್‌ಗೇ ಮೊದಲು ಬರಬೇಕು ಅಂತ 2020ರಲ್ಲಿ ತಿದ್ದುಪಡಿನೂ ಆಗಿದೆ. ಸಾವಿರ ಡಾಲರ್‌ಗೆ ಅಷ್ಟೆಲ್ಲ ಯಾಕೆ. ನಿಮ್ಮ ಚಿಕ್ಕಪ್ಪನೇ ತಮ್ಮ ಸ್ವಂತ ದುಡ್ಡಲ್ಲಿ ಒಂದು ಮಗುವಿನ ಖರ್ಚು ನೋಡ್ಕೊಳ್ಳಲಿ. ಆದ್ರೆ ಅವನ ದುಡ್ಡನ್ನ ಚಿಕ್ಕಪ್ಪನ ಕೈಲಿ ತಿರುಗಿಸಿ ಹಾಕ್ಸೋ ಬುದ್ಧಿವಂತಿಕೆ ಮಾಡಕ್ಕೆ ಹೋಗಬೇಡಿ.

ನಿಮ್ಮ 80ಜಿ ಆರ್ಡರ್ (ದಾನಿಗಳಿಗೆ ಟ್ಯಾಕ್ಸ್ ವಿನಾಯಿತಿ ಸಿಗೋ ಹಾಗೆ ಟ್ರಸ್ಟ್‌ಗೆ ಕೊಟ್ಟಿರೋ ಅನುಮತಿ) ತೆಗೆದು ನೋಡಿ. ಪ್ರಾವಿಷನಲ್ (ತಾತ್ಕಾಲಿಕ) ಅಂತ ಇದ್ರೆ ಅದು ಮೂರೇ ವರ್ಷಕ್ಕೆ, ಅವಧಿ ಮುಗಿಯೋಕೆ ಆರು ತಿಂಗಳು ಇರೋ ಮೊದಲೇ ರೆಗ್ಯುಲರ್‌ಗೆ ಅರ್ಜಿ ಹಾಕ್ಬೇಕು, ಕೆಲಸ ಶುರು ಮಾಡಿರೋ ಟ್ರಸ್ಟ್ ಆದ್ರೆ ಇನ್ನೂ ಬೇಗ. ದಾನಿಗಳ ಪ್ಯಾನೋ ಆಧಾರೋ ರಶೀದಿ ಬರೆಯೋವಾಗಲೇ ತಗೊಳ್ಳಿ, ಯಾಕಂದ್ರೆ ವರ್ಷ ಮುಗಿದ್ಮೇಲೆ ಮೇ 31ರ ಒಳಗೆ 10ಬಿಡಿ, ಅಂದ್ರೆ ದಾನಿಗಳ ಪಟ್ಟಿ, ಫೈಲ್ ಮಾಡ್ಬೇಕು, ತಪ್ಪಿದ್ರೆ ದಿನಕ್ಕೆ 200 ರೂಪಾಯಿ ದಂಡ. ನಗದು 2 ಸಾವಿರ ದಾಟಿದ್ರೆ 80ಜಿ ವಿನಾಯಿತಿ ಸಿಗಲ್ಲ. ಟಿಕೆಟ್ ದುಡ್ಡು, ಜಾಹೀರಾತು ದುಡ್ಡು ದೇಣಿಗೆ ಅಲ್ಲ, ಅದಕ್ಕೆ 80ಜಿ ರಶೀದಿ ಹರಿಬೇಡಿ. (2026 ಏಪ್ರಿಲ್ 1ರಿಂದ ಹೊಸ ಇನ್‌ಕಮ್ ಟ್ಯಾಕ್ಸ್ ಕಾಯ್ದೆ, ಸೆಕ್ಷನ್ ನಂಬರ್‌ಗಳೆಲ್ಲ ಬೇರೆ. ನಾನು ಬಾಯಲ್ಲಿರೋ ಹಳೇ ಹೆಸರಲ್ಲೇ ಬರ್ದಿದೀನಿ, ಫಾರ್ಮ್ ಹಾಕೋ ಮುಂಚೆ ನಿಮ್ಮ ಆಡಿಟರನ್ನ ಕೇಳಿ.)

ಟ್ಯಾಕ್ಸ್ ಉಳಿಯುತ್ತೆ ಅಂತ ಹೇಳಿ ದುಡ್ಡು ಕೇಳೋ ಕಾಲ ಹೋಯ್ತು. ಹೊಸ ರಿಜೀಮ್‌ನಲ್ಲಿ (ವಿನಾಯಿತಿಗಳನ್ನ ಬಿಟ್ಟು ಕಮ್ಮಿ ದರದಲ್ಲಿ ಟ್ಯಾಕ್ಸ್ ಕಟ್ಟೋ ಪದ್ಧತಿ) ಇರೋರಿಗೆ 80ಜಿ ಸಿಗೋದೇ ಇಲ್ಲ.

ಟೆಕ್ಕಿಯವ್ರಿಗೆ: ಎರಡು ಪರ್ಸೆಂಟ್ ಕಾನೂನು ಎಲ್ಲಾ ಕಂಪನಿಗೂ ಇಲ್ಲ. ನೆಟ್‌ವರ್ತ್ 500 ಕೋಟಿ, ಟರ್ನೋವರ್ ಸಾವಿರ ಕೋಟಿ, ಇಲ್ಲಾ ನಿವ್ವಳ ಲಾಭ 5 ಕೋಟಿ, ಇದರಲ್ಲಿ ಯಾವ್ದಾದ್ರೂ ಒಂದು ಮುಟ್ಟಿದ್ರೆ ಮಾತ್ರ. ಟ್ರಸ್ಟ್ ಕಡೆಯಿಂದ ಸಿಎಸ್‌ಆರ್-1 ನೋಂದಣಿ ಬೇಕು, ಮೂರು ವರ್ಷ ಕೆಲಸ ಮಾಡಿರೋ ದಾಖಲೆ ಬೇಕು. ನೋಂದಣಿ ಮಾಡಿಟ್ಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತೆ. ಮೂರು ತಿಂಗಳ ಒಳಗೆ ಸಂಬಳ ಕೊಡೋಕೆ ಆ ದುಡ್ಡು ಬರಲ್ಲ.

ಧಾರವಾಡ_ಮಂದಿ:

ಅಕ್ಕಾರು ಕಾಯ್ದೆ ಹೇಳ್ಯಾರ, ನಾ ದುಡ್ಡು ಎಲ್ಲಿಂದ ಬರ್ತೈತಿ ಅಂತ ಹೇಳ್ತೀನ್ರಿ. ನಮ್ಮ ಕಡೆ ಪಟ್ಟಿ ಎತ್ತೂದು ಅಂತಾರ, ಜಾತ್ರಿಗೆ, ಗುಡಿ ಕಟ್ಟಾಕ ಎಲ್ಲಾರೂ ಕೊಡ್ತಾರ, ಯಾಕಂದ್ರ ಕೇಳಾಕ ಬಂದಾವ ಪರಿಚಯದಾಂವ ಇರ್ತಾನ, ಯಾವುದಕ್ಕ ಅಂತ ಗೊತ್ತಿರ್ತೈತಿ, ಪಕ್ಕದ ಮನಿಯವ್ರು ಎಷ್ಟು ಕೊಟ್ರು ಅನ್ನೂದೂ ಗೊತ್ತಿರ್ತೈತಿ. ನಾವೂ ಮಕ್ಕಳ ಓದು ಕೇಂದ್ರ ನಡಸ್ತೀವ್ರಿ, ಅದನ್ನ ಮಾಡಿದ್ವಿ. ಹತ್ತು ಮಂದಿ ಕುಂತು ಒಬ್ಬೊಬ್ರು ತಮ್ಮ ಫೋನಿನಾಗಿನ ಹದಿನೈದು ಹೆಸರು ಬರದ್ವಿ, ತಿಂಗಳಿಗೆ 200 ರೂಪಾಯಿ ಅಂತ ಒಂದ ರೇಟು. ಮೆಸೇಜ್ ಕಳಸಲಿಲ್ಲ, ಮನಿಗೆ ಹೋಗಿ ಚಾ ಕುಡದು ಕೇಳಿದ್ವಿ. 140 ಮಂದಿ ಹೂಂ ಅಂದ್ರು, ವರ್ಷದ ಮ್ಯಾಗ 90 ಮಂದಿ ಉಳದಾರ. ಬಿಟ್ಟು ಹೋದವರ ಪೈಕಿ ಅರ್ಧ ಮಂದಿ ನಮ್ಮ ತಪ್ಪಿನಿಂದ ಹೋದವರ, ಮೊದಲ ಆರು ತಿಂಗಳು ರೊಕ್ಕ ತಗೊಂಡು ಸುಮ್ಮನ ಕುಂತಿದ್ವಿ, ಒಂದು ಫೋಟೋ ಇಲ್ಲ ಲೆಕ್ಕ ಇಲ್ಲ. ಈಗ ಪ್ರತಿ ತಿಂಗಳು 5ನೇ ತಾರೀಖು ವಾಟ್ಸಾಪ್‌ನ್ಯಾಗ ಒಂದು ಹಾಳಿ ಲೆಕ್ಕ ಹಾಕ್ತೀವಿ, ಎಷ್ಟು ಬಂತು ಎಷ್ಟು ಹೋತು, ಒಂದು ಹುಡುಗ ಏನ್ ಕಲ್ತ. ಅಷ್ಟ.

ಇನ್ನ ನಿಮ್ಮ ಲೆಕ್ಕ ನೋಡ್ರಿ. 4 ಲಕ್ಷ 80 ಸಾವಿರ ಕೇಳಬ್ಯಾಡ್ರಿ, ಮಂದಿ ಹೆದರ್ತಾರ. 60 ಮಕ್ಕಳಿಗೆ ಭಾಗಿಸಿದ್ರ ಒಂದು ಹುಡುಗಗ ವರ್ಷಕ್ಕ 8 ಸಾವಿರ, ತಿಂಗಳಿಗೆ 660 ಚಿಲ್ರೆ. ಅದನ್ನ ಹೇಳ್ರಿ.

ನೀವು ತಿಪಟೂರಿನವ್ರು ಅಲ್ಲೇನ್ರಿ? ಕೊಬ್ಬರಿ ಊರು. ಅಲ್ಲಿ ರೈತಗ ನಗದು ಕೇಳೂದ್ಯಾಕ, ಕಾಯಿ ಕೇಳ್ರಿ. ಸಿದ್ಧಗಂಗಾ ಮಠದ ದಾಸೋಹಕ್ಕ ರೈತರು ಧಾನ್ಯ ತಂದು ಹಾಕೂದು ನಿಮ್ಮ ಜಿಲ್ಲೆದಾಗ ಗೊತ್ತಿರದವರು ಯಾರದಾರ? ಒಂದು ತ್ವಾಟಕ್ಕ ನೂರು ಕಾಯಿ ಭಾರ ಅಲ್ಲ, ಅದ ಎರಡು ಸಾವಿರ ರೊಕ್ಕ ಕೊಡ್ರಿ ಅಂದ್ರ ಕಿಸೆ ಮುಟ್ಟಿ ನೋಡ್ಕೋತಾನ.

ಲೆಕ್ಕದಕ್ಕ:

ಇದು ಸೂಪರ್ ಐಡಿಯಾ. ವಸ್ತು ರೂಪದ ದಾನಕ್ಕೆ 80ಜಿ ಇಲ್ಲ, ಆದ್ರೆ ತೆಂಗಿನ ಬೆಳೆಗಾರರಿಗೆ ಅದು ಬೇಕಾಗಿಯೂ ಇಲ್ಲ, ಕೃಷಿ ಆದಾಯಕ್ಕೆ ಟ್ಯಾಕ್ಸೇ ಇಲ್ವಲ್ಲ. ಯಾರು ಎಷ್ಟು ಕಾಯಿ ಕೊಟ್ರು, ಎಷ್ಟಕ್ಕೆ ಮಾರಿದ್ರಿ, ಮಂಡಿ ಬಿಲ್ಲು, ಎಲ್ಲಾ ಒಂದು ಪುಸ್ತಕದಲ್ಲಿ ಬರೆದಿಡಿ.

ಕಲ್ಪತರುನಾಡಿನ_ಹೈದ:

ಎಲ್ರಿಗೂ ಥ್ಯಾಂಕ್ಸ್, ಎರಡು ವಾರ ಆದ್ಮೇಲೆ ಬರೀತಿದೀನಿ. ರಸಮಂಜರಿ ಕ್ಯಾನ್ಸಲ್, ಮೈಕ್‌ಸೆಟ್‌ನವ್ರಿಗೆ ಕೊಟ್ಟಿದ್ದ 5 ಸಾವಿರ ಅಡ್ವಾನ್ಸ್ ವಾಪಸ್ ಬರ್ಲಿಲ್ಲ, ಹೋಗ್ಲಿ. ತಮ್ಮ ಓಸಿಐ ಅಂತೆ, ಬೇಡ ಅಂದೆ, ಸ್ವಲ್ಪ ಮುನಿಸ್ಕೊಂಡಿದಾನೆ. 80ಜಿ ಆರ್ಡರ್ ನೋಡಿದ್ರೆ ಲೆಕ್ಕದಕ್ಕ ಹೇಳಿದ ಹಾಗೇ ಪ್ರಾವಿಷನಲ್ಲು, ಮುಗಿಯಕ್ಕೆ ಏಳು ತಿಂಗಳಿದೆ, ಆಡಿಟರ್ ಹತ್ರ ಓಡಿದೆ.

ಈಗಿನ ಲೆಕ್ಕ ಹಿಂಗಿದೆ. ನೂರು ಜನ ತಿಂಗಳಿಗೆ 200 ಕೊಟ್ರೆ 2 ಲಕ್ಷ 40 ಸಾವಿರ, ನಲವತ್ತು ತೋಟದಿಂದ ನೂರು ನೂರು ಕಾಯಿ ಬಂದ್ರೆ ನಾಲ್ಕು ಸಾವಿರ ಕಾಯಿ, ಕಾಯಿಗೆ 20 ರೂಪಾಯಿ ಅಂತ ಹಿಡಿದ್ರೂ 80 ಸಾವಿರ. ಮೊದಲಿಂದ ಬರೋ ಚಿಲ್ಲರೆ 1 ಲಕ್ಷ 20 ಸಾವಿರ ಸೇರಿಸಿದ್ರೂ ಇನ್ನು 40 ಸಾವಿರ ಕಮ್ಮಿ, ಅದಕ್ಕೆ ನಮ್ಮಲ್ಲಿ ಓದಿ ಕೆಲಸಕ್ಕೆ ಸೇರಿರೋ ಹಳೇ ಹುಡುಗರನ್ನ ಕೇಳ್ಬೇಕು ಅಂತಿದೀವಿ. ಇಲ್ಲೀವರೆಗೂ 31 ಜನ ತಿಂಗಳ ದುಡ್ಡಿಗೆ ಒಪ್ಪಿದಾರೆ, ಅದರಲ್ಲಿ ಏಳು ಜನ ಮಕ್ಕಳ ಅಪ್ಪ ಅಮ್ಮಂದಿರೇ, ನಾಲ್ಕು ವರ್ಷದಲ್ಲಿ ಅವರನ್ನ ನಾವು ಒಂದ್ ಸಲನೂ ಕೇಳಿರ್ಲಿಲ್ಲ.

ಕಾಯಿಗೆ ಅಂತ ಹೋದ ಮೊದಲನೇ ಮನೆ ಅಜ್ಜ ಮಾತಾಡ್ದೆ ಎದ್ದು ಹೋಗಿ ಕನ್ನಡಕ ಹಾಕ್ಕೊಂಡು ಬಂದು ಲೆಕ್ಕದ ಪುಸ್ತಕ ತೋರ್ಸು ಅಂದ್ರು. ಪುಣ್ಯಕ್ಕೆ ಬ್ಯಾಗಲ್ಲಿತ್ತು. ಅರ್ಧ ಗಂಟೆ ಓದಿ, ಮಂಡಕ್ಕಿಗೆ ಇಷ್ಟೊಂದಾ ಅಂತ ಒಂದು ಪ್ರಶ್ನೆ ಕೇಳಿ, ನೂರೈವತ್ತು ಕಾಯಿ ತಗೊಂಡು ಹೋಗಿ, ಆದ್ರೆ ನೀವೇ ಕೀಳಿಸ್ಕೋಬೇಕು ಅಂದ್ರು. ಹಂಗೇ ಹನ್ನೊಂದು ತೋಟದವ್ರು ಹೂಂ ಅಂದಿದಾರೆ. ಈಗ ಸಮಸ್ಯೆ ಏನಂದ್ರೆ ಕೀಳೋ ಕೂಲಿ, ಸಾಗಿಸೋ ಬಾಡಿಗೆ ಹೋಗಿ ಉಳಿಯೋದೆಷ್ಟು, ಹಸಿ ಕಾಯಿನೇ ಮಾರೋದಾ ಇಲ್ಲಾ ಯಾರದ್ದಾದ್ರೂ ಅಟ್ಟದಲ್ಲಿ ಹಾಕ್ಸಿ ಒಣಗಿಸಿ ಕೊಬ್ಬರಿ ಮಾಡಿ ಮಾರೋದಾ? ಕೊಬ್ಬರಿಗೆ ಅಂದ್ರೆ ಹತ್ತಿರ ಹತ್ತಿರ ವರ್ಷ ಕಾಯ್ಬೇಕು, ಮೇಷ್ಟ್ರ ಸಂಬಳ ಅಲ್ಲಿವರೆಗೆ ಕಾಯಲ್ಲ. ತಾಲ್ಲೂಕಲ್ಲಿ ಯಾರ ಹತ್ರನಾದ್ರೂ ಭಾನುವಾರ ಖಾಲಿ ಇರೋ ಟೆಂಪೋ ಇದ್ರೆ ಇಲ್ಲೇ ಮೆಸೇಜ್ ಹಾಕಿ, ಡೀಸೆಲ್ ನಮ್ಮದು.