ಅಪ್‌ಡೇಟ್: ನುಡಿಹಬ್ಬದ ಯೋಜನೆ ಈಗ ಮಕ್ಕಳ ಕೈಯಲ್ಲಿ

ಸಾಗರದ ಕಡೆಯ ನಮ್ಮ ಹಳ್ಳಿಯ ಗ್ರಂಥಾಲಯದ ನುಡಿಹಬ್ಬಕ್ಕೆ ಹದಿಹರೆಯದವರು ಪ್ರೇಕ್ಷಕರಾಗಿಯೂ ಬರುವುದಿಲ್ಲ, ಏನು ಮಾಡಲಿ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಯೋಜನೆಯನ್ನೇ ಅವರಿಗೆ ಕೊಟ್ಟುಬಿಡಿ ಎಂದು ಹಲವರು ಹೇಳಿದ್ದಿರಿ. ಕೊಟ್ಟೆ.

ಮೊದಲ ಸಭೆಗೆ ಒಂಬತ್ತು ಮಂದಿ ಬಂದರು. ಒಬ್ಬರೂ ಬಾಯಿ ಬಿಡಲಿಲ್ಲ. ಹಿರಿಯರಾದ ನಾವೇ ಮಾತಾಡಿದ್ದು ಹೆಚ್ಚು, ತಪ್ಪು ನಮ್ಮದೇ. ಎರಡನೆಯ ಸಲ ಚಹಾ, ಮಂಡಕ್ಕಿ ಇಟ್ಟು ನಾವು ಜಗಲಿಯಲ್ಲಿ ಕುಳಿತೆವು. ಅವರು ಮೊದಲು ಹೊಡೆದುಹಾಕಿದ್ದು ಉದ್ಘಾಟನಾ ಭಾಷಣವನ್ನು! ಕವಿಗೋಷ್ಠಿ ಉಳಿಯಿತು, ತಲಾ ಮೂರೇ ನಿಮಿಷ.

'ಮನೆಮಾತಿನ ಗೋಡೆ' ಅವರದೇ ಕಲ್ಪನೆ: ಮನೆಯಲ್ಲಿ ಆಡುವ ಮಾತನ್ನು ಗೋಡೆಯ ಮೇಲೆ ಬರೆದು ಅರ್ಥ ಹೇಳುವುದು. ಹವ್ಯಕರ ಮನೆಯ ಹುಡುಗಿ 'ಮಾಣಿ' ಎಂದು ಬರೆದು ಕೆಳಗೆ 'ಹುಡುಗ' ಎಂದಳು. ಬೆಂಗಳೂರಿನಿಂದ ಬಂದವನು 'ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು' ಎಂದು ಸೇರಿಸಿದ. 'ಕೂಸು' ಎಂದರೆ ಎಳೆ ಮಗುವೋ, ಬೆಳೆದ ಹುಡುಗಿಯೋ ಎಂಬ ಜಗಳ ಅರ್ಧ ಗಂಟೆ ನಡೆಯಿತು. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗನೊಬ್ಬ ಲಂಬಾಣಿ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದು, ಗಟ್ಟಿಯಾಗಿ ಓದಿಯೂ ತೋರಿಸಿದ.

ಹಬ್ಬ ನವೆಂಬರ್ ಎರಡನೆಯ ಭಾನುವಾರ. 1ರಂದು ರಾಜ್ಯೋತ್ಸವದ ಮೆರವಣಿಗೆ ಇರುತ್ತದಲ್ಲ, ಅದಕ್ಕೇ. ಹತ್ತನೆಯ ತರಗತಿಯವರ ಪೋಷಕರನ್ನು ಒಪ್ಪಿಸುವ ಕೆಲಸವೊಂದು ಬಾಕಿ. ಅದನ್ನು ಮಾತ್ರ ಮಕ್ಕಳು ನನಗೇ ಬಿಟ್ಟಿದ್ದಾರೆ.